ಬಾಕಿ

ಶಹಾಬಾದಿನ ರದ್ದಿ ಅಂಗಡ್ಯಾಗ
ತಕ್ಕಡಿ ಏರೂಕಿಂತ ಮೊದಲ ಹಿಡಕೊಂಡೆ ಇದನ್ನ.
ಸಿಮೆಂಟಿನ ಹಳೇ ಬಿಲ್ಲುಗಳ ನಡುವ ಕೂತಿತ್ತು,
ನಾಕು ಮಡಿಕಿ, ಒಡೆದ ಅರಗು, ಜಿರಳೆ ತಿಂದ ಅಂಚು.
"ಇಂಗ್ಲೀಷ್ ಅದ, ಮ್ಯಾಲೊಂದೀಟು ಕೊಡ್ರಿ" ಅಂದ ಚಾಂದಪಾಶಾ.
ಹನ್ನೊಂದು ರೂಪಾಯಿ ಕೊಟ್ಟೆ.

ಮನ್ಯಾಗ ಫರಸಿ ಮ್ಯಾಲ ಹರವಿ ಭೂತಗನ್ನಡಿ ಹಿಡಿದೆ.
ಎಡ್ವಿನ್ ಹಾರ್ಗ್ರೀವ್, ರೈಲು ಹಳಿ ಅಳಿಯಾಕ ಬಂದವ,
ಸಾವಿರದ ಎಂಟುನೂರಾ ಅರವತ್ತೊಂಬತ್ತರ ಮೇ,
ತಂಗಿಗೆ ಬರೀತಾನ:
ಇಲ್ಲಿ ಕಲ್ಲೂ ಬೆವರತಾವ,
ಕ್ವಿನೈನ್ ತೀರಿತು, ಕಾಲುಚೀಲ ಕಳಸು.
ಶಾಯಿ ಕಂದಿ ಚಹಾ ಆಗ್ಯದ.
ಸಹಿ ಮಾತ್ರ ಚೇಳಿನಂಗ ಬಾಲ ಎತ್ತಿ ನಿಂತದ.

ಅಂಚೆ ಮುದ್ರೆ ಇಲ್ಲ.
ಹೋಗೇ ಇಲ್ಲ ಇದು, ಎಲ್ಲಿಗೂ.

ಹಿಂದ ತಿರುವಿದೆ.
ಬ್ಯಾರೆ ಕೈ, ಇದ್ದಲಿನ ತುಂಡು,
ಕಾಲು ಮುರಿದ ಕನ್ನಡ ಅಕ್ಷರ:
ನೀರು ಹೊತ್ತದ್ದು ಇಪ್ಪತ್ತಾರು ಕೊಡ.
ರೊಕ್ಕ ಬಂದದ್ದು ಹದಿನೆಂಟು ಕೊಡದ್ದು.
ಬಾಕಿ ಎಂಟು.
ಸಾಹೇಬ ಸತ್ತ.

ಹೈದರಾಬಾದಿನ ವ್ಯಾಪಾರಿ ಫೋನಿನ್ಯಾಗ ಅಂದ:
"ಸಹಿ ಭಾಳ ಚಲೋ ಅದ. ಹಿಂದಿನ ಮಸಿ ರಬ್ಬರಿಂದ ತಿಕ್ಕಿ ಕಳಸ್ರಿ,
ಆರು ಸಾವಿರ."
ಇಪ್ಪತ್ತು ವರ್ಷ ಸಹಿ ಕೂಡಿಸಿದವ ನಾ,
ರಬ್ಬರು ಕೈಯಾಗ ಹಿಡಿದೂ ಹಿಡಿದೆ.
ಸುಳ್ಳ್ಯಾಕ ಹೇಳಲಿ.

ಈಗ ಅದು ಕಪಾಟಿನ ಗಾಜಿನ್ಯಾಗ,
ಸಹಿ ಗ್ವಾಡಿ ಕಡೆ.

"ಎಂಟು ಕೊಡದ ಬಾಕಿ ಇವತ್ತಿಗೆ ಎಷ್ಟಾದೀತು ಪಾಶಾ?"
ಅವ ತಕ್ಕಡಿ ಒರಸಿಕೋತ ಸುಮ್ಮನ ಕೂತ.
ಆಮ್ಯಾಲೆ ಅಂದ:
"ಆಗಿನ ಕೊಡ ದೊಡ್ಡವಿದ್ವು ನೋಡ್ರಿ."