ಪಕ್ಕದ ತೆನಿ

ಶಹಾಬಾದಿನಾಚೆ, ಫರಸಿ ತಗದು ಬಿಟ್ಟ ಖಣಿ.
ಮೂರು ಕಡಿ ಪದರು ಪದರು ಬೂದಿಬಣ್ಣದ ಗ್ವಾಡಿ,
ನಾಲ್ಕನೇ ಕಡಿ ನಾವು, ಹದಿನೆಂಟು ಹೆಣ್ಣುಮಕ್ಕಳು,
ಖಾಕಿ ಇನ್ನೂ ಗಂಜಿ ಬಿಟ್ಟಿರಲಿಲ್ಲ.
ಎದುರಿಗೆ ಕಾಗದದ ಮನಷ್ಯಾ.
ಅವನಿಗೆ ಮಾರಿ ಇಲ್ಲ.

ಮೊದಲ ವಾರ ಸಾಲಿನಾಗ ನಾನೇ ಕೊನೆಯಾಕಿ.
ಒಂದು ಕಣ್ಣು ಮುಚ್ಚು, ಹಿಂದಿನ ಕಚ್ಚು, ಮುಂದಿನ ಮೊಳಿ,
ಎರಡೂ ಒಂದು ಗೆರಿಗೆ ಬರಲಿ, ಉಸುರು ಹಿಡಿ.
ಗೆರಿ ಬರೂತನಕ ಕೈ ನಡುಗಿ
ಗುಂಡು ಖಣಿಯ ನೀರಿಗೆ ಬಿದ್ದು
ಕಪ್ಪಿ ಅಷ್ಟ ಎದ್ದವು.

ಎಂಟನೇ ದಿನ ಜಮಾದಾರ ದಸ್ತಗೀರಸಾಬ್
ಪಿಸ್ತೂಲಿನ ಮ್ಯಾಲ ಕರೀ ಟೇಪು ಸುತ್ತಿದ.
ಕಚ್ಚೂ ಇಲ್ಲ, ಮೊಳಿಯೂ ಇಲ್ಲ.
"ಕತ್ತಲದಾಗ ಉಣ್ಣುವಾಗ ತುತ್ತು ಕಿವಿಗೆ ಹೋಗತದೇನು?
ಎರಡೂ ಕಣ್ಣು ತೆಗಿ. ಅವನ್ನ ನೋಡು, ಪಿಸ್ತೂಲ ಮರಿ.
ಬಟ್ಟು ಮಾಡಿ ತೋರಿಸ್ದಂಗ ತೋರಸು, ಸಾಕು."

ಬಟ್ಟು ಅಂದಕೂಡಲೇ ಸಾಬಮ್ಮ ಆಯಿ.

ಭೀಮಾ ದಂಡಿಯ ಬಿಳಿಜೋಳ, ಜಾಲಿ ಗೂಟದ ಮಂಚಿಕಿ,
ಪುಂಡಿನಾರಿನ ಕವಣಿ, ಅದರ ಕುಣಿಕಿ ಅಕಿ ಬಟ್ಟಿಗೆ.
ಎಡಗಣ್ಣಿನಾಗ ಹೂವು ಬಿದ್ದಿತ್ತು ಅಕಿಗೆ.
ನಾ ಕಲ್ಲು ಆರಿಸಿ ಕೊಡಾಕಿ:
ಹುಣಸಿಬೀಜಕ್ಕಿಂತ ದೊಡ್ಡವು, ನಿಂಬಿಕಾಯಿಗಿಂತ ಸಣ್ಣವು.
ತಲಿ ಮ್ಯಾಲ ಎರಡು ಸುತ್ತು, ಗುಂಯ್ ಅಂತ ಬಿಡಾಕಿ,
ಆಡೋ ಮಾತು ನಡಬರಕ ನಿಲ್ಲಿಸದ.
ಗಿಣಿ ಹಿಂಡು ಏಳತಿತ್ತು. ಒಂದೂ ಬೀಳತಿರಲಿಲ್ಲ.
"ಆಯಿ, ಮತ್ತ ತಪ್ಪಿತು," ನಾ ನಗತಿದ್ದೆ.
ಒಂದಿನ ಸಿಟ್ಟಿಲೆ ಇಳಿದು ನನ್ನ ಎಳಕೊಂಡು ಹೋಗಿ ತೋರಿಸಿದಳು,
ಗಿಣಿ ಕಡಿದ ತೆನಿ ಹಾಂಗೇ ಅದ,
ಅದರ ಪಕ್ಕದ ತೆನಿ ಕುತ್ತಿಗಿ ಮುರದದ.
ಹನ್ನೆರಡು ಹೆಜ್ಜಿ ಆಚಿ ಇನ್ನೊಂದು. ಅದೂ ಪಕ್ಕದ್ದ.
"ಹೊಟ್ಟಿಗೆ ಬಂದಾವ. ಎಬ್ಬಸಬೇಕು, ಹೊಡಿಬಾರದು."

ಐದು ಗುಂಡು. ಮುಗದದ್ದ ಗೊತ್ತಾಗಲಿಲ್ಲ.
ದಸ್ತಗೀರಸಾಬ್ ಕಾಗದ ಇಳಿಸಿ ಬಿಸಲಿಗೆ ಹಿಡದ.
ಮೈಯಾಗ ಒಂದೂ ತೂತಿಲ್ಲ.
ಕಿವಿ ಇರಬೇಕಾದ ಜಾಗದಿಂದ ನಾಲ್ಕು ಬಟ್ಟು ಹೊರಗ
ಐದೂ ಕೂಡಿ ಕುಂತಾವ,
ಚಾದ ಬಶಿ ಇಟ್ಟರ ಮುಚ್ಚೂವಷ್ಟು.
ಎರಡನೇ ಕಾಗದ. ಅದೇ ಕಿವಿ, ಅದೇ ನಾಲ್ಕು ಬಟ್ಟು.
ಬಾಯಾಗಿನ ಎಲಿ ಉಗುಳಿ ಬಂದು ಅಂದ:
"ಬೇಟಿ, ಇದು ತಪ್ಪಲ್ಲ. ಆದ್ರ ಇದನ್ನ ಬರಿಲಾಕ
ರಜಿಸ್ಟರಿನಾಗ ಖಾನೆ ಇಲ್ಲ."
ಸೊನ್ನಿ ಬರದ.

ಮುಂದ ಕಲತೆ. ಕೈಗೆ ನಾಲ್ಕು ಬಟ್ಟು ಸರಿ ಅಂದೆ, ಸರೀತು.
ಎದಿಗೆ ಹತ್ತಕ್ಕ ಎಂಟು. ಪಾಸಾದೆ.

ಹನ್ನೊಂದು ವರ್ಷದ ಮ್ಯಾಲ, ವಾಡಿ ಸ್ಟೇಷನ್ನಿನ ಹಿಂದ,
ಸಿಮೆಂಟು ಧೂಳಿನ ಗಲ್ಲಿ, ಕರೆಂಟು ಹೋದ ರಾತ್ರಿ.
ಲಾಲಪ್ಪನ ಕುತ್ತಿಗಿಯಿಂದ ಮಚ್ಚು ಒಂದು ಗೇಣು ದೂರ.
ಬ್ಯಾಟರಿ ಬೆಳಕು ಹೊಳ್ಳಿ ಬರೂದರಾಗ
ಕೈ ಎದ್ದು, ಬಿಟ್ಟು, ಇಳದಿತ್ತು.
ನಾ ಹಿಂದಿಂದ ಬಂದೆ.
ಹುಡುಗನ ಕಿವಿ ಬಾಜೂಕಿನ ಗ್ವಾಡಿ ಸಿಡದು
ಪುಡಿ ಕಣ್ಣಿಗೆ ಹೋಗಿ ಮಚ್ಚು ಬಿತ್ತು.
ಕುಕ್ಕರಗಾಲಿಲೆ ಕುಂತ. ಇಪ್ಪತ್ತೂ ತುಂಬಿರಲಿಲ್ಲ.
ಎರಡೂ ಕೈಲೆ ತಲಿ ಮುಟಗೊಂಡು ನೋಡಲಾಕತ್ತಿದ,
ಅದಾನೋ ಇಲ್ಲೋ.

ಲಾಲಪ್ಪ ಇವತ್ತಿಗೂ ಕೇಳತಾನ,
"ಅಕ್ಕೋರ, ಅವ ಅಂಜದ ಇದ್ದಿದ್ರ?"
ಗೊತ್ತಿಲ್ಲೋ ತಮ್ಮಾ. ಖರೇನೇ ಗೊತ್ತಿಲ್ಲ.
ಅವನ ಬಾಬತ್ತು ಇದ್ದದ್ದು ನಾಲ್ಕೇ ಬಟ್ಟು,
ನಿನ್ನ ಬಾಬತ್ತು ಒಂದು ಗೇಣು.

ವರದಿಯಲ್ಲಿ ಹೀಗೆ ಬರೆದೆ:
'ಸಹೋದ್ಯೋಗಿಯ ರಕ್ಷಣೆಗಾಗಿ ಒಂದು ಸುತ್ತು ಗುಂಡು ಹಾರಿಸಲಾಗಿ,
ಸದರಿ ಗುಂಡು ಗುರಿ ತಪ್ಪಿ ಗೋಡೆಗೆ ತಗುಲಿರುತ್ತದೆ.'
ಸಾಹೇಬರು ಓದಿ, ಚಷ್ಮಾ ತಗದು, ಅಂದರು:
"ಆರು ಹೆಜ್ಜಿ ಮ್ಯಾಲ ತಪ್ಪತದಂದ್ರ ಪ್ರಾಕ್ಟೀಸ್ ಸಾಲದಮ್ಮಾ."
ಹೌದ್ರಿ ಸರ್, ಅಂದೆ.
ಕೈ ಎರಡೂ ಬೆನ್ನ ಹಿಂದ ಇದ್ದವು.
ಬಲಗೈ ಬಟ್ಟಿನಾಗ, ಯಾರೋ ಆಗಷ್ಟ ಬಿಚ್ಚಿದಂಗ,
ಕುಣಿಕಿಯ ಗುರುತು.