ಬೆಲ್ಟ್ ಬಿಚ್ಚಿಕೋ

ಹನ್ನೊಂದನೇ ಅಧ್ಯಾಯದಲ್ಲಿ ಮುತ್ತೊಂದು ಬೇಕೇ ಬೇಕಂತೆ.
ಟ್ಯಾಲಿನ್ನಿನಿಂದ ಸಂಪಾದಕಿ ಬರೆದಿದ್ದಾಳೆ:
ಹದಿನಾರರ ಹುಡುಗಿಯರು ಇನ್ನೂರು ಪುಟ ಕಾದಿರುತ್ತಾರೆ, ಮಾರಿಕಾ,
ಬರಿಗೈಯಲ್ಲಿ ಕಳಿಸಬೇಡ.

ಔಷಧದಂಗಡಿಯ ಬಾಗಿಲೆಳೆದು ಬಂದು
ಅಡುಗೆಮನೆಯ ಮೇಜಿನ ಮೇಲೆ
ಒಂಬತ್ತು ಸಲ ಬರೆದೆ ಆ ಮುತ್ತನ್ನು.
ಒಂಬತ್ತಕ್ಕೂ ಮೆಂಥಾಲ್ ವಾಸನೆ.
ಹೊಡೆದು ಹಾಕಿದೆ.

ನಡೆದದ್ದು ಇಷ್ಟು.
ಆ ವರ್ಷ ಯಾರೋ ಹೆಪ್ಪು ಹಾಕಿಟ್ಟಂತೆ
ಸಮುದ್ರ ಬೆಳಗಾಗುವುದರೊಳಗೆ ಗಟ್ಟಿಯಾಗಿತ್ತು.
ನಮ್ಮ ಹೀಯುಮಾ ದ್ವೀಪದ ಹಡಗು ಕಟ್ಟೆಗೆ ಅಂಟಿ ಕೂತಿತು.
ಆಚೆ ದಡದವರೆಗೆ ನೀರಿನ ಮೇಲೇ ರಸ್ತೆ ಬಿಟ್ಟರು,
ಅಂಚಿಗೆ ಜೂನಿಪರ್ ಕೊಂಬೆಗಳನ್ನು ನೆಟ್ಟು.
ನಾನು ಹಾಪ್ಸಲುವಿಗೆ ಹೊರಟಿದ್ದೆ, ಹಲ್ಲು ಕೀಳಿಸಲು,
ಒಂದು ಕೆನ್ನೆ ಬನ್ನಿನಂತೆ ಊದಿ.
ಸಿಕ್ಕಿದ್ದು ತಾರ್ವೊನ ಅಪ್ಪನ ಮೀನಿನ ವ್ಯಾನು.
ನಡುವೆ ತಾರ್ವೊ. ಕಿಟಕಿಗೆ ನಾನು.
ಊದಿದ ಕೆನ್ನೆ, ನನ್ನ ಕರ್ಮ, ಅವನ ಕಡೆಗೇ.

ಮಂಜುಗಡ್ಡೆಯ ಮೇಲೆ ಕಾನೂನೇ ಬೇರೆ.
ಬೆಲ್ಟ್ ಕಟ್ಟಕೂಡದು, ಒಡೆದರೆ ಹೊರಗೆ ಹಾರಬೇಕಲ್ಲ.
ನಡುದಾರಿಯಲ್ಲಿ ನಿಲ್ಲಕೂಡದು.
ಇಪ್ಪತ್ತೈದರೊಳಗೆ ಹೋಗು, ಇಲ್ಲವೇ ನಲವತ್ತು ದಾಟಿಸು.
ನಡುವಿನ ಆ ವೇಗವಿದೆಯಲ್ಲ, ಅದೇ ಕೇಡು:
ಗಡ್ಡೆಯ ಕೆಳಗೆ ನೀರು ಅಲೆಯಾಗಿ ಎದ್ದು
ಗಾಡಿಯ ಜೊತೆಜೊತೆಗೇ ಓಡಿ ಬರುತ್ತದೆ.

ನಾನು ಮರೆತು ಕಟ್ಟಿಕೊಂಡಿದ್ದೆ.
ಅವನು ಮುಂದಿನ ಗಾಜನ್ನೇ ನೋಡುತ್ತ,
ಕಿವಿ ಕೆಂಪೇರಿ,
'ಬೆಲ್ಟ್ ಬಿಚ್ಚಿಕೋ' ಅಂದ.
ಅಷ್ಟೇ. ಇಪ್ಪತ್ತಾರು ಕಿಲೋಮೀಟರು ಮತ್ತೆ ಮಾತಿಲ್ಲ.
ಅವನ ಮೊಣಕೈ ನನ್ನ ಕೋಟಿಗೆ ತಾಗಿಕೊಂಡೇ ಇತ್ತು,
ಹಿಂದೆ ಖಾಲಿ ಪೆಟ್ಟಿಗೆಗಳು ಗಡಗಡ,
ಹಲ್ಲುನೋವು ಎಲ್ಲಿ ಹೋಯಿತೋ.

ಕಾದಂಬರಿಯಲ್ಲಿ ಅವನ ಹೆಸರು ಬದಲಿಸಿದೆ.
ಗೇಣು ಎತ್ತರ ಕೊಟ್ಟೆ, ಗಿಟಾರು ಕೊಟ್ಟೆ,
ಸತ್ತುಹೋದ ತಮ್ಮನೊಬ್ಬನನ್ನೂ ಕೊಟ್ಟೆ, ಪಾಪ.
ನನ್ನ ಕೆನ್ನೆಯ ಊತ ಇಳಿಸಿಕೊಂಡೆ.
ಈಗವನು ಪುಟಗಟ್ಟಲೆ ಮಾತಾಡುತ್ತಾನೆ,
ನಕ್ಷತ್ರ ಗಿಕ್ಷತ್ರ ಅಂತೆಲ್ಲ.

ಮಗಳು ಮಿರ್ತೆಲ್ ಕದ್ದು ಓದಿ
ಹಾಳೆಗಳನ್ನು ಬ್ರೆಡ್ಡಿನ ಡಬ್ಬಿಯ ಮೇಲಿಟ್ಟು ಶಾಲೆಗೆ ಹೋಗಿದ್ದಳು.
ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ:
'ಇಷ್ಟು ಮಾತಾಡುವ ಹುಡುಗ ಯಾರಿಗಮ್ಮ ಸಿಗುತ್ತಾನೆ?'

ಮೊನ್ನೆ ತಾರ್ವೊ ಅಂಗಡಿಗೆ ಬಂದಿದ್ದ.
ಮಂಡಿಗೆ ಮುಲಾಮು, ಅವರಮ್ಮನಿಗೆ ಬಿಪಿ ಮಾತ್ರೆ.
ಈ ಸಲವೂ ಸಮುದ್ರ ಗಟ್ಟಿಯಾಗಲಿಲ್ಲ, ಅಂದ.
ಹೂಂ, ಆಗಲಿಲ್ಲ, ಅಂದೆ.
ಹಿಂದೆ ಯಾರೋ ಕೆಮ್ಮಿದರು.
ಚಿಲ್ಲರೆ ಎಣಿಸಿ ಕೈಗಿಡುವಾಗ
ಅವನ ಕಿವಿ ನೋಡಿದೆ. ಬರೀ ಕಿವಿ.
ಕೂದಲು ಹಿಂದೆ ಸರಿದು, ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಆ ರಾತ್ರಿಯೇ ಗಿಟಾರು ವಾಪಸ್ಸು ಕಿತ್ತುಕೊಂಡೆ.
ಸತ್ತ ತಮ್ಮನನ್ನು ಎಬ್ಬಿಸಿ ಮನೆಗೆ ಕಳಿಸಿದೆ.
ಹುಡುಗಿಗೆ ಕೆನ್ನೆ ಊದಿಸಿ
ಮೀನಿನ ವ್ಯಾನು ಹತ್ತಿಸಿದೆ.

ವಾರದೊಳಗೆ ಕೆಂಪು ಗೆರೆ ಎಳೆದು ಕಳಿಸಿದಳು ಸಂಪಾದಕಿ:
'ಬೆಲ್ಟ್ ಬಿಚ್ಚಿಕೋ ಅಂತಾನಲ್ಲ,
ಮಕ್ಕಳ ಪುಸ್ತಕದಲ್ಲಿ ಇದೇನಿದು?'
ಮಹಾನಗರದವಳು. ನೀರ ಮೇಲೆ ನಡೆದು ಗೊತ್ತಿಲ್ಲ.
ಅವಳಿಗೆ ಕಾನೂನು ತಿಳಿಸಿ ಒಂದು ಕಾಗದ ಬರೆಯಬೇಕು,
ಮುತ್ತಿನ ಬಗ್ಗೆಯೂ ಏನಾದರೊಂದು ಹೇಳಬೇಕು.
ನಾಳೆ ನೋಡೋಣ.

ಈಗ ಕಾಫಿ ಆರಿದೆ, ಮಿರ್ತೆಲ್ ಮಲಗಿದ್ದಾಳೆ,
ವ್ಯಾನು ದಡ ಬಿಟ್ಟು ಬಹಳ ದೂರ ಬಂದಿದೆ.
ಮುಳ್ಳು ಮೂವತ್ತರ ಹತ್ತಿರ ತೂಗುತ್ತಿದೆ.
ನಿಧಾನ ಮಾಡಲೋ, ಜೋರು ಮಾಡಲೋ.
ಮೂವತ್ತೊಂದು. ಮೂವತ್ತೆರಡು.
ಕೆಳಗೆ ನೀರು ಎದ್ದು ಬರುವುದು ಕೇಳಿಸುತ್ತಿದೆ.
ಇರಲಿ,
ಇನ್ನೊಂದು ಪುಟ ಇದೇ ವೇಗ.