ಬೀಗದ ಕೈ ಜೊತೆಗಿಟ್ಟ ಚೀಟಿ

ಸುಗುಣಾ, ನನ್ನ ಟೇಬಲ್ಲಿಗೇ ನಿನಗೆ ವರ್ಗವಂತೆ,
ಅದೂ ಮೇ ತಿಂಗಳಲ್ಲಿ.
ಒಳ್ಳೆಯದೇ ಆಯಿತು. ಆಮೇಲೆ ಯಾವ ತಿಂಗಳೂ ಹೆದರಿಸುವುದಿಲ್ಲ.

ನೀರು ನಾಲ್ಕು ದಿನಕ್ಕೊಮ್ಮೆ, ಹೊತ್ತು ಗೊತ್ತಿಲ್ಲ.
ಓಣಿಯಲ್ಲಿ ಕೊಡಗಳ ಸದ್ದಾದರೆ ಏಳು,
ಗಡಿಯಾರ ನೋಡಬೇಡ.
ಕೂಲರ್ ಬಿಟ್ಟು ಹೋಗುತ್ತಿದ್ದೇನೆ, ಹುಲ್ಲು ಬದಲಿಸಿಕೋ.
ಪಂಪು ಕೆಟ್ಟರೆ ಗಂಜ್ ಕಡೆ ಮೌಲಾಲಿ ಇದ್ದಾನೆ;
'ಈಗ ಬಂದೆ ಅಕ್ಕಾ' ಅಂದರೆ ನಾಳೆ.

ನೆಲ ಶಹಾಬಾದ ಫರಸಿ.
ಮಧ್ಯಾಹ್ನ ಮಂಚವನ್ನು ನೆಚ್ಚದೆ
ನೀರು ಚಿಮುಕಿಸಿ, ಕಲ್ಲಿಗೆ ಬೆನ್ನು ಕೊಟ್ಟು ಮಲಗು.
ಇಷ್ಟು ಕಲಿಯಲು ನನಗೆ ಎರಡು ಬೇಸಿಗೆ ಬೇಕಾಯಿತು.

ಬೋರ್ಡಿನಲ್ಲಿ ಕಲಬುರಗಿ,
ಆಟೋದವನ ಬಾಯಲ್ಲಿ ಗುಲಬರ್ಗಾ.
ಇಳಿಯುವುದು ಒಂದೇ ಕಡೆ.

ಮನೆಯೊಡತಿ ಜಗದೇವಿಬಾಯಿ ಮೊದಲ ದಿನವೇ
ಸಂಬಳ, ಜಾತಿ, ಮಕ್ಕಳು ಯಾಕಿಲ್ಲ, ಎಲ್ಲ ಕೇಳುತ್ತಾರೆ.
ಸಿಟ್ಟಾಗಬೇಡ ಅಂತ ಬರೆಯಹೊರಟೆ.
ಇಲ್ಲ, ಆಗು. ನಾನೂ ಆಗಿದ್ದೆ.
ಸಂಜೆ ಬಾಗಿಲ ಹೊರಗೆ
ಕಡಕ್ ರೊಟ್ಟಿ, ಶೇಂಗಾ ಹಿಂಡಿ,
ಮೇಲೊಂದು ತಾಟು ಮುಚ್ಚಿಟ್ಟಿತ್ತು.

'ನಮ್ಮ ಕಡೆ ಹೀಗಿಲ್ಲ' ಅನ್ನುವ ಮಾತನ್ನು
ಒಂದು ವರ್ಷ ಬಾಯಲ್ಲೇ ಇಟ್ಟುಕೋ.
ಆಮೇಲೆ ನಮ್ಮ ಕಡೆ ಅಂದರೆ ಯಾವುದೆಂದು
ನೀನೇ ತಡವರಿಸುತ್ತೀ.

ರಾತ್ರಿ ಹಾಸಿಗೆ ಮಾಳಿಗೆಯ ಮೇಲೆ.
ನಫೀಸಾ ಖಾಲಾಳ ಕೆಮ್ಮು, ಯಾರದೋ ರೇಡಿಯೋ,
ಕತ್ತಲಲ್ಲಿ ಒಂದು ದನಿ: 'ಊಟ ಆತೇನ್ರೀ?'
ಯಾರನ್ನು ಕೇಳಿದ್ದೆಂದು ವಿಚಾರಿಸಬೇಡ.
ಆತ್ರೀ ಅನ್ನು.

ನಾನು ಹೋಗುವ ಮನೆಗೂ ಮಾಳಿಗೆ ಇದೆಯಂತೆ.
ಕೀಲಿ ಮಾಲೀಕರ ಹತ್ತಿರವಂತೆ.